ತರಕಾರಿ ಮಾರುಕಟ್ಟೆಯ ಧ್ವನಿವಿಜ್ಞಾನ

ಚೀನೀ ಭಾಷೆ ಅಂದಕೂಡಲೇ ಕಣ್ಣಮುಂದೆ ಬರುವುದು ಅದರ ಅಕ್ಷರಗಳು. ಇಷ್ಟೊಂದು ಗೀಟುಗಳನ್ನು ನೆನಪಿಡುವುದು ನಮ್ಮಿಂದಾದೀತೇ ಎಂದು ಅಲ್ಲಿಗೇ ಕೈಚೆಲ್ಲುವವರು ಬಹಳ. ಆದರೆ ಓದಿಗೋ ವ್ಯಾಪಾರಕ್ಕೋ ಚೀನಾಕ್ಕೆ ಹೋಗಿ ಮನೆ ಮಾಡಿಕೊಂಡವರನ್ನು ಮೊದಮೊದಲು ಕಾಡುವುದು ಅಕ್ಷರವಲ್ಲ. ಬೋರ್ಡಿನತ್ತ ಫೋನಿನ ಕ್ಯಾಮೆರಾ ಹಿಡಿದರೆ ಅನುವಾದ ತಾನಾಗಿ ಮೂಡುತ್ತದೆ. ಕಾಡುವುದು ಕಿವಿ. ಎದುರಿಗಿದ್ದವರು ಏನು ಹೇಳಿದರೂ ಎಲ್ಲ ಒಂದೇ ಥರ ಕೇಳಿಸುತ್ತದೆ.

ಇದಕ್ಕೆ ಸರಳ ಲೆಕ್ಕದ ಕಾರಣವಿದೆ. ಚೀನಾದ ಮಾನಕ ಭಾಷೆಯಾದ ಮ್ಯಾಂಡರಿನ್‌ನಲ್ಲಿ ಉಚ್ಚಾರದ ತುಣುಕುಗಳು ಸುಮಾರು 400 ಮಾತ್ರ. ನಮ್ಮ 34 ವ್ಯಂಜನಗಳಿಗೆ ಕಾಗುಣಿತ ಬರೆಯುತ್ತಾ ಹೋದರೆ ಒತ್ತಕ್ಷರಕ್ಕೆ ಕೈಹಾಕುವ ಮೊದಲೇ ಈ ಸಂಖ್ಯೆಯನ್ನು ದಾಟಿರುತ್ತೇವೆ. ಅಷ್ಟು ಚಿಕ್ಕ ಬಂಡವಾಳದಲ್ಲಿ ಒಂದು ದೊಡ್ಡ ನಾಗರಿಕತೆಯ ಮಾತೆಲ್ಲ ನಡೆಯಬೇಕು. ಹಾಗಾಗಿ ಆ ಭಾಷೆ ಪ್ರತಿ ತುಣುಕಿಗೂ ದನಿಯ ಏರಿಳಿತವನ್ನು ಜೋಡಿಸಿಕೊಂಡಿದೆ. ಏರಿಳಿತವನ್ನೂ ಲೆಕ್ಕಕ್ಕೆ ಹಿಡಿದರೆ 400 ಇದ್ದದ್ದು ಹೆಚ್ಚುಕಡಿಮೆ 1,300 ಆಗುತ್ತದೆ. ಈ ಏರಿಳಿತಕ್ಕೆ ಟೋನ್ ಎನ್ನುತ್ತಾರೆ.

ಗಂಟಲಿಗೆ ಗೊತ್ತು, ಕಿವಿಗೆ ಗೊತ್ತಿಲ್ಲ

ಟೋನ್ ಎಂದರೆ ಸಂಗೀತ, ಸಂಗೀತ ಬಾರದವರಿಗೆ ಚೀನೀ ಬಾರದು ಎಂಬ ಮಾತು ನಿಜವಲ್ಲ. ಟೋನ್ ಹುಟ್ಟುವುದು ಧ್ವನಿತಂತುಗಳು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತವೆ ಎನ್ನುವುದರಿಂದ. ತಂತುಗಳನ್ನು ಬಿಗಿಹಿಡಿದರೆ ಕಂಪನ ಹೆಚ್ಚಿ ದನಿ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಈ ವಿದ್ಯೆ ಕನ್ನಡಿಗರ ಗಂಟಲಿಗೂ ಕರಗತ. 'ಹೂಂ' ಎಂಬ ಒಂದೇ ಉಲಿಯನ್ನು ತೆಗೆದುಕೊಳ್ಳಿ. ದನಿ ಏರಿಸಿ 'ಹೂಂ?' ಎಂದರೆ ಏನಂದೆ ಎಂದು ಕೇಳಿದಂತೆ. ಒಮ್ಮೆಲೇ ಇಳಿಸಿ 'ಹೂಂ!' ಎಂದರೆ ಸರಿ, ಆಯಿತು ಎಂದಂತೆ. ಕಥೆ ಕೇಳುವ ಮಕ್ಕಳು ಸಮವಾಗಿ ಎಳೆಯುವ 'ಹೂಂ' ಮುಂದೆ ಹೇಳು ಎಂಬ ಅಪ್ಪಣೆ. ಒಂದೇ ಉಲಿ, ಮೂರು ಏರಿಳಿತ, ಮೂರು ಅರ್ಥ.

ವ್ಯತ್ಯಾಸ ಇಷ್ಟೇ: ಕನ್ನಡದಲ್ಲಿ ಈ ಏರಿಳಿತ ಮಾತಿನ ಭಾವಕ್ಕೆ ಸೇರಿದ್ದು, ಮ್ಯಾಂಡರಿನ್‌ನಲ್ಲಿ ಅದು ಪದಕ್ಕೇ ಸೇರಿದ್ದು. ಭಾಷಾವಿಜ್ಞಾನಿ ಚಾವ್ ಯುವೆನ್ ರೆನ್ 1930ರಲ್ಲಿ ಇದನ್ನು ಅಳೆಯಲು ಐದು ಮೆಟ್ಟಿಲುಗಳ ಒಂದು ಏಣಿ ಹಾಕಿಕೊಟ್ಟರು. ಅತಿ ತಗ್ಗಿನ ದನಿಗೆ 1, ಅತಿ ಎತ್ತರದ್ದಕ್ಕೆ 5. ಮೊದಲನೇ ಟೋನ್ 5ರಲ್ಲೇ ನಿಂತು ಸಮವಾಗಿ ಸಾಗುತ್ತದೆ. ಎರಡನೆಯದು 3ರಿಂದ 5ಕ್ಕೆ ಏರುತ್ತದೆ. ಮೂರನೆಯದು 2ರಿಂದ 1ಕ್ಕೆ ಇಳಿದು 4ಕ್ಕೆ ಏಳುತ್ತದೆ. ನಾಲ್ಕನೆಯದು 5ರಿಂದ 1ಕ್ಕೆ ಧೊಪ್ಪನೆ ಬೀಳುತ್ತದೆ. ಇವುಗಳ ಜೊತೆಗೆ ಭಾರವಿಲ್ಲದೆ ಸಣ್ಣದಾಗಿ ಮುಗಿಯುವ ಉಲಿಗಳೂ ಇವೆ. 'ತಾಂಗ್' ಎಂಬುದನ್ನು ಉಸಿರು ಸೇರಿಸಿ ಸಮದನಿಯಲ್ಲಿ ಹೇಳಿದರೆ ಸೂಪು, ಏರುದನಿಯಲ್ಲಿ ಹೇಳಿದರೆ ಸಕ್ಕರೆ. 'ಮಾಯ್' ಅನ್ನು ಮೂರನೇ ಟೋನಿನಲ್ಲಿ ಹೇಳಿದರೆ ಕೊಳ್ಳುವುದು, ನಾಲ್ಕನೆಯದರಲ್ಲಿ ಹೇಳಿದರೆ ಮಾರುವುದು.

ಪುಸ್ತಕದ ಈ ಚಿತ್ರ ಬೀದಿಯಲ್ಲಿ ಹಾಗೇ ಉಳಿಯುವುದಿಲ್ಲ. ಮೂರನೇ ಟೋನಿನ ಇಳಿದೇಳುವ ಪೂರ್ತಿ ಆಕಾರ ಕೇಳಿಸುವುದು ಪದವನ್ನು ಒಂಟಿಯಾಗಿ ಅಥವಾ ಮಾತಿನ ಕೊನೆಯಲ್ಲಿ ನಿಧಾನವಾಗಿ ಹೇಳಿದಾಗ. ಓಡುವ ಮಾತಿನಲ್ಲಿ ಅದು ಬರೀ ತಗ್ಗಿನ ದನಿ, ಕೆಳಗೆ ಕೂತು ಅಲ್ಲೇ ಮುಗಿಯುತ್ತದೆ. ಎರಡು ಮೂರನೇ ಟೋನುಗಳು ಅಕ್ಕಪಕ್ಕ ಬಂದರೆ ಮೊದಲನೆಯದು ಎರಡನೇ ಟೋನಾಗಿ ಬದಲಾಗುತ್ತದೆ. ಎಲ್ಲರೂ ಮೊದಲು ಕಲಿಯುವ 'ನೀ ಹಾವ್' ಎಂಬ ನಮಸ್ಕಾರದಲ್ಲೇ ಈ ಬದಲಾವಣೆ ಇದೆ. ಬರಹದಲ್ಲಿ 'ನೀ'ಗೆ ಮೂರನೇ ಟೋನ್, ಬಾಯಲ್ಲಿ ಎರಡನೆಯದು. ನಮ್ಮ ಸಂಧಿಯ ಹಾಗೆ ಇದೂ ಉಲಿಗಳು ಕೂಡಿದಾಗ ನಡೆಯುವ ಬದಲಾವಣೆ. ಪದಪದವನ್ನೂ ಬಿಡಿಬಿಡಿಯಾಗಿ ಉರುಹೊಡೆದವರು ಬೀದಿಯಲ್ಲಿ ತಬ್ಬಿಬ್ಬಾಗುವುದಕ್ಕೆ ಇದು ಮೊದಲ ಕಾರಣ: ಅವರು ಕಲಿತ ಪದ ಆ ರೂಪದಲ್ಲಿ ಮಾತಿನೊಳಗೆ ಬರುವುದೇ ಅಪರೂಪ.

ಎರಡನೇ ಕಾರಣ ಇನ್ನೂ ಕುತೂಹಲದ್ದು. ಟೋನ್ ಎಂಬುದು ನಿಗದಿಯಾದ ಕಂಪನಸಂಖ್ಯೆಯಲ್ಲ. ಗಂಡಸರ ದನಿ ಸಾಮಾನ್ಯವಾಗಿ ಸೆಕೆಂಡಿಗೆ 100ರಿಂದ 150 ಕಂಪನಗಳ ಆಸುಪಾಸಿನಲ್ಲಿದ್ದರೆ ಹೆಂಗಸರದು 200ರ ಸುತ್ತಮುತ್ತ. ಮುದುಕನೊಬ್ಬನ 'ಎತ್ತರ'ದ ಟೋನ್ ಹುಡುಗಿಯೊಬ್ಬಳ 'ತಗ್ಗಿನ' ಟೋನಿಗಿಂತ ಕೆಳಗೇ ಇರಬಹುದು. ಕೇಳುವವರ ಮಿದುಳು ಮೊದಲು ಆ ಮನುಷ್ಯನ ದನಿಯ ತಳ ಎಲ್ಲಿ, ತುದಿ ಎಲ್ಲಿ ಎಂದು ಅಂದಾಜು ಹಾಕಿ, ಆಮೇಲೆ ಟೋನನ್ನು ಗುರುತಿಸುತ್ತದೆ. ಒಬ್ಬರೇ ಮೇಷ್ಟ್ರ ದನಿಗೆ ಒಗ್ಗಿದ ಕಿವಿ ಹೊಸಬರೆದುರು ಸೋಲುವುದು ಇದಕ್ಕೇ.

ಹಾಗಾದರೆ ದೊಡ್ಡವರ ಕಿವಿ ಪಳಗುತ್ತದೆಯೇ? ವಾಂಗ್ ಯುವೆ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಅಮೆರಿಕದ ಕಲಿಕೆದಾರರಿಗೆ ಎರಡು ವಾರ ಮ್ಯಾಂಡರಿನ್ ಟೋನುಗಳನ್ನು ಹಲವು ಜನರ ದನಿಯಲ್ಲಿ ಕೇಳಿಸಿದರು. ಟೋನ್ ಗುರುತಿಸುವುದರಲ್ಲಿ ಅವರು ಸರಾಸರಿ ಶೇ. 21ರಷ್ಟು ಸುಧಾರಿಸಿದರು. ಹಿಂದೆಂದೂ ಕೇಳಿರದ ದನಿಗಳಲ್ಲೂ ಆ ಸುಧಾರಣೆ ಕಂಡಿತು, ಆರು ತಿಂಗಳ ಮೇಲೂ ಉಳಿದಿತ್ತು. ಹಲವು ದನಿ ಎಂಬುದೇ ಇಲ್ಲಿನ ಗುಟ್ಟು. ಚೀನಾದ ಪಟ್ಟಣದಲ್ಲಿ ವಾಸ ಮಾಡುವವರಿಗೆ ಅದು ಕಾಸು ಖರ್ಚಿಲ್ಲದೆ ಸಿಗುತ್ತದೆ. ಗೇಟಿನ ಕಾವಲುಗಾರ, ಟ್ಯಾಕ್ಸಿಯವ, ಪಾರ್ಸೆಲ್ ತರುವ ಹುಡುಗ, ನೂಡಲ್ಸ್ ಅಂಗಡಿಯಾಕೆ ಎಲ್ಲರೂ ಅದೇ ನಾಲ್ಕು ಟೋನುಗಳನ್ನು ತಮ್ಮತಮ್ಮ ಗಂಟಲಿನಲ್ಲಿ ಆಡುತ್ತಿರುತ್ತಾರೆ.

ಅಲ್ಪಪ್ರಾಣದ ಊರು

ಟೋನಿನಲ್ಲಿ ನಾವು ಹಿಂದಿದ್ದರೂ ವ್ಯಂಜನಗಳಲ್ಲಿ ಕನ್ನಡ ಓದಿದವರಿಗೆ ಒಂದು ಅನುಕೂಲವಿದೆ. ಚೀನೀ ಉಚ್ಚಾರವನ್ನು ರೋಮನ್ ಲಿಪಿಯಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿಗೆ 1958ರಲ್ಲಿ ಸರ್ಕಾರಿ ಮನ್ನಣೆ ಸಿಕ್ಕಿತು. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಝೋವ್ ಯೌಗ್ವಾಂಗ್ ಮೂಲತಃ ಅರ್ಥಶಾಸ್ತ್ರದವರು. 1906ರಲ್ಲಿ ಹುಟ್ಟಿ 111 ವರ್ಷ ತುಂಬಿ 2017ರಲ್ಲಿ ತೀರಿಕೊಂಡರು. ಇಂದು ಚೀನಾದ ಮಕ್ಕಳು ಅಕ್ಷರಾಭ್ಯಾಸ ಮಾಡುವುದೂ ಕೋಟ್ಯಂತರ ಜನ ಫೋನಿನಲ್ಲಿ ಟೈಪ್ ಮಾಡುವುದೂ ಈ ಪಿನ್‌ಯಿನ್‌ನಿಂದ.

ಪಿನ್‌ಯಿನ್‌ನ 'ಬಿ' ಅಕ್ಷರ ಕಂಡರೆ ನಾವು 'ಬ' ಎಂದು ಓದುತ್ತೇವೆ. ಅಲ್ಲೇ ಎಡವುತ್ತೇವೆ. ಮ್ಯಾಂಡರಿನ್‌ನಲ್ಲಿ ನಮ್ಮ ಬ, ದ, ಗಗಳಂಥ ಘೋಷ ಸ್ಪರ್ಶಗಳು ಇಲ್ಲ. 'ಬಿ' ಎಂದು ಬರೆದದ್ದು ಉಸಿರಿಲ್ಲದ ಪ, 'ಪಿ' ಎಂದು ಬರೆದದ್ದು ಉಸಿರು ಸೇರಿದ ಮಹಾಪ್ರಾಣ ಫ. ಇದು ಫೋನಿನ ಫ ಅಲ್ಲ, ತುಟಿ ಎರಡೂ ಸೇರಿ ಸಿಡಿಯುವ ಹಳೆಯ ಫ. ಹಾಗೆಯೇ 'ಡಿ' ಮತ್ತು 'ಟಿ' ಎಂದರೆ ತ ಮತ್ತು ಥ, 'ಜಿ' ಮತ್ತು 'ಕೆ' ಎಂದರೆ ಕ ಮತ್ತು ಖ. ಚೀನಾದ ರಾಜಧಾನಿಯ ಹೆಸರು ಅಲ್ಲಿನವರ ಬಾಯಲ್ಲಿ ಬೀಜಿಂಗ್‌ಗಿಂತ 'ಪೇಯ್‌ಚಿಂಗ್'ಗೆ ಹತ್ತಿರ.

ಅಂದರೆ ಮ್ಯಾಂಡರಿನ್‌ಗೆ ಬೇಕಾದ ಭೇದ ನಮ್ಮ ವರ್ಣಮಾಲೆಯ ಪ್ರತಿ ವರ್ಗದ ಮೊದಲೆರಡು ಅಕ್ಷರಗಳಲ್ಲೇ ಕೂತಿದೆ. ಇದನ್ನು ನಮಗೆ ಒಂದನೇ ತರಗತಿಯಲ್ಲೇ ಬಾಯಿಪಾಠ ಮಾಡಿಸಿದ್ದಾರೆ. ಆದರೆ ದಿನಬಳಕೆಯ ಮಾತಿನಲ್ಲಿ ನಮ್ಮಲ್ಲಿ ಅನೇಕರು ಮಹಾಪ್ರಾಣವನ್ನು ಬಿಟ್ಟೇಬಿಟ್ಟಿದ್ದೇವೆ. ಅಂಥವರು ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಪ ಮತ್ತು ಫ ಹೇಳಿ ನೋಡಬೇಕು. ಫ ಹೇಳುವಾಗ ಗಾಳಿ ಅಂಗೈಗೆ ಬಡಿಯಬೇಕು, ಪ ಹೇಳುವಾಗ ಏನೂ ತಾಕಬಾರದು.

ಶ ಮತ್ತು ಷ ಭೇದಕ್ಕೂ ಇಲ್ಲಿ ಬೆಲೆಯಿದೆ. ಪಿನ್‌ಯಿನ್‌ನ 'ಎಕ್ಸ್' ನಮ್ಮ ತಾಲವ್ಯ ಶಕಾರಕ್ಕೆ ಹತ್ತಿರ, 'ಎಸ್-ಎಚ್' ನಾಲಿಗೆ ಹಿಂದಕ್ಕೆ ಸರಿಸಿ ಹೇಳುವ ಷಕಾರಕ್ಕೆ ಹತ್ತಿರ. ವ್ಯಾಕರಣ ಪುಸ್ತಕದಲ್ಲಿ ಬೇರೆ, ಬಾಯಲ್ಲಿ ಒಂದೇ ಎಂದು ನಾವು ಕಡೆಗಣಿಸಿದ ಈ ಜೋಡಿ ಅಲ್ಲಿ ಬೇರೆಬೇರೆಯಾಗಿಯೇ ಕೇಳಿಸಬೇಕು. ಷ ಮತ್ತು ಸ ಭೇದವಂತೂ ಲೆಕ್ಕಾಚಾರದ ಮಟ್ಟಕ್ಕೇ ಬರುತ್ತದೆ. ಹತ್ತು ಎಂಬುದಕ್ಕೆ ಷಕಾರದಿಂದ ಹೊರಡುವ ಏರುದನಿಯ 'ಷ್ಷ್', ನಾಲ್ಕಕ್ಕೆ ಸಕಾರದ ಬೀಳುದನಿಯ 'ಸ್ಸ್'. ದಕ್ಷಿಣ ಚೀನಾದ ಅನೇಕ ಜನ ಷಕಾರವನ್ನೂ ಸಕಾರವನ್ನಾಗಿಯೇ ಆಡುತ್ತಾರೆ. ಆಗ 'ಹತ್ತು-ನಾಲ್ಕು' ಎನ್ನುವ ಹದಿನಾಲ್ಕಕ್ಕೂ 'ನಾಲ್ಕು-ಹತ್ತು' ಎನ್ನುವ ನಲವತ್ತಕ್ಕೂ ನಡುವೆ ಉಳಿಯುವುದು ಟೋನ್ ಒಂದೇ.

ಅರ್ಧ ಕೆ.ಜಿ. ಸೌತೆಕಾಯಿ

ಈಗ ಹಾಂಗ್‌ಝೌ ಅಥವಾ ಅಂಥದೇ ಯಾವುದಾದರೂ ಪಟ್ಟಣದ ತರಕಾರಿ ಮಾರುಕಟ್ಟೆಗೆ ಬನ್ನಿ. ಸೂರಿನಡಿ ಸಾಲುಸಾಲು ಮಳಿಗೆ, ನೆಲವೆಲ್ಲ ಒದ್ದೆ, ಒಂದು ಮೂಲೆಯಲ್ಲಿ ತೊಟ್ಟಿಯೊಳಗೆ ಜೀವಂತ ಮೀನು. ಸೌತೆಕಾಯಿಯ ಮುಂದೆ ನಿಂತ ಗಿರಾಕಿ ಕೇಳುತ್ತಾರೆ: 'ಹ್ವಾಂಗ್‌ಕ್ವಾ ತ್ಸನ್‌ಮ ಮಾಯ್?' ಸೌತೆಕಾಯಿ ಹೇಗೆ ಕೊಡುತ್ತೀರಿ ಎಂದು. ಇದು ಬೀಳುದನಿಯ ಮಾಯ್, ಮಾರುವ ಮಾಯ್. ಅಂಗಡಿಯಾಕೆಯ ಉತ್ತರ: 'ಸ್ಸ್ ಖ್ವಾಯ್ ಈ ಚಿನ್.' ಒಂದು ಚಿನ್‌ಗೆ ನಾಲ್ಕು ಖ್ವಾಯ್.

ನೋಟಿನ ಮೇಲೆ ಅಚ್ಚಾಗಿರುವುದು ಯುವಾನ್, ಬಾಯಲ್ಲಿ ಬರುವುದು ಖ್ವಾಯ್. ಅದರ ಹತ್ತನೇ ಒಂದು ಭಾಗಕ್ಕೆ ಮಾವ್. ತೂಕದ ಅಳತೆ ಚಿನ್ ಎಂದರೆ ಈಗ ಸರಿಯಾಗಿ 500 ಗ್ರಾಂ. ಹಿಂದೆ ಒಂದು ಚಿನ್‌ಗೆ 16 ಲ್ಯಾಂಗ್ ಇದ್ದವು. 1959ರಲ್ಲಿ ಅದನ್ನು 10 ಲ್ಯಾಂಗ್‌ಗೆ ಇಳಿಸಿ ಮೆಟ್ರಿಕ್ ಲೆಕ್ಕಕ್ಕೆ ಹೊಂದಿಸಿದರು. ಒಂದು ಕೆ.ಜಿ. ಎಂದು ಕೇಳಿದರೆ ತಪ್ಪೇನಿಲ್ಲ, ಆದರೆ ಬೆಲೆ ಹೇಳುವುದು ಚಿನ್ ಲೆಕ್ಕದಲ್ಲೇ. ಇದು ಗೊತ್ತಿಲ್ಲದವರು ಅರ್ಧದಷ್ಟು ತರಕಾರಿ ಕೈಗೆ ಬಂದಾಗ ಮೋಸ ಹೋದೆ ಎಂದುಕೊಳ್ಳುತ್ತಾರೆ.

ಈ ಪುಟ್ಟ ಸಂಭಾಷಣೆಯಲ್ಲಿ ವಿಜ್ಞಾನ ಎಲ್ಲಿದೆ? ಗಿರಾಕಿಯ ಟೋನ್ ತಪ್ಪಿ, ಮಾರುವ ಮಾಯ್ ಕೊಳ್ಳುವ ಮಾಯ್ ಆಯಿತು ಎಂದುಕೊಳ್ಳಿ. ಅಂಗಡಿಯಾಕೆ ತಬ್ಬಿಬ್ಬಾಗುವುದಿಲ್ಲ. ಸೌತೆಕಾಯಿಯ ಮುಂದೆ ಚೀಲ ಹಿಡಿದು ನಿಂತವರು ಏನು ಕೇಳಬಹುದು ಎಂಬುದು ಆಕೆಗೆ ಮೊದಲೇ ಗೊತ್ತು. ಜಾಗ, ಸಂದರ್ಭ, ಹಿಂದುಮುಂದಿನ ಪದ ಎಲ್ಲವೂ ಅದೇ ಸುದ್ದಿಯನ್ನು ಇನ್ನೊಂದು ದಾರಿಯಲ್ಲಿ ತಲುಪಿಸುತ್ತಿರುತ್ತವೆ. ಸಂವಹನ ವಿಜ್ಞಾನದಲ್ಲಿ ಇದಕ್ಕೆ ಮಿಗುತಿ ಎನ್ನಬಹುದು: ಒಂದು ಸಂಕೇತ ಕೆಟ್ಟರೂ ಸಂದೇಶ ಉಳಿಯುವಷ್ಟು ಹೆಚ್ಚುವರಿ ಸುಳಿವು. ಒಂಟಿ ಪದಕ್ಕೆ ಈ ಮಿಗುತಿ ಇಲ್ಲ. ಬರೀ 'ಮಾಯ್' ಎಂದು ಹೇಳಿ ನಿಂತರೆ ಟೋನಿನ ಮೇಲೆಯೇ ಎಲ್ಲ ಭಾರ ಬೀಳುತ್ತದೆ. ಅದಕ್ಕೇ ಹೊಸಬರು ಅಳುಕಿನಿಂದ ಒಂದೊಂದೇ ಪದ ಉಸುರುವುದಕ್ಕಿಂತ, ಟೋನ್ ಅಷ್ಟಿಷ್ಟು ತಪ್ಪಿದರೂ ಇಡೀ ವಾಕ್ಯವನ್ನು ಒಂದೇ ಉಸಿರಿಗೆ ಹೇಳುವುದು ಲೇಸು.

ಚೀನೀಯರೂ ಮಿಗುತಿಯನ್ನು ಬೇಕೆಂದೇ ಹೆಚ್ಚಿಸಿಕೊಳ್ಳುತ್ತಾರೆ. ಒಂದು ಎಂಬುದಕ್ಕೆ 'ಈ', ಏಳಕ್ಕೆ 'ಛೀ'. ಗದ್ದಲದಲ್ಲಿ ಎರಡೂ ಒಂದೇ ಥರ ಕೇಳುತ್ತವೆ. ಆದ್ದರಿಂದ ಫೋನ್ ನಂಬರ್, ಕೋಣೆಯ ನಂಬರ್ ಹೇಳುವಾಗ ಒಂದಕ್ಕೆ 'ಯಾವ್' ಎಂಬ ಬೇರೆಯದೇ ಹೆಸರು. ಪೊಲೀಸರಿಗೆ ಕರೆ ಮಾಡುವ 110 'ಯಾವ್ ಯಾವ್ ಲಿಂಗ್' ಆಗುತ್ತದೆ, ಆಂಬುಲೆನ್ಸಿನ 120 'ಯಾವ್ ಅರ್ ಲಿಂಗ್'. ಇನ್ನು ಮಾರುಕಟ್ಟೆಯಲ್ಲಿ ಬೆರಳ ಸನ್ನೆ. ಒಂದೇ ಕೈಯಲ್ಲಿ ಹತ್ತರವರೆಗೂ ತೋರಿಸುತ್ತಾರೆ: ಹೆಬ್ಬೆರಳು ಕಿರುಬೆರಳು ಚಾಚಿದರೆ ಆರು, ಹೆಬ್ಬೆರಳು ತೋರುಬೆರಳು ಚಾಚಿದರೆ ಎಂಟು.

ಹಣ ಕೊಡುವಾಗ ಇನ್ನೊಂದು ಉಚಿತ ಪಾಠ. ನಮ್ಮ ಊರಿನ ಅಂಗಡಿಗಳಲ್ಲಿ ಯುಪಿಐ ಹಣ ಬಂದದ್ದನ್ನು ಕೂಗಿ ಹೇಳುವ ಡಬ್ಬಿ ಇದೆಯಲ್ಲ, ಅಂಥದ್ದು ಅಲ್ಲೂ ಇದೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದೊಡನೆ ಇಷ್ಟು ಯುವಾನ್ ಬಂತು ಎಂದು ಶುದ್ಧ ಮಾನಕ ಉಚ್ಚಾರದಲ್ಲಿ ಹೇಳುತ್ತದೆ. ಅಂಗಡಿಯಾಕೆ ತನ್ನ ಊರಿನ ಧಾಟಿಯಲ್ಲಿ ಹೇಳಿದ ಬೆಲೆ, ಫೋನಿನ ಪರದೆಯ ಮೇಲಿನ ಅಂಕಿ, ಡಬ್ಬಿಯ ಮಾನಕ ದನಿ ಮೂರೂ ಅರ್ಧ ನಿಮಿಷದೊಳಗೆ ಸಿಕ್ಕರೆ ಕಿವಿ ತಾನೇ ತಾಳೆ ನೋಡಿಕೊಳ್ಳುತ್ತದೆ. ಮೆಟ್ರೋ ರೈಲಿನ ಪ್ರಕಟಣೆಯೂ ಹೀಗೆಯೇ. 'ಶ್ಯಾ ಈ ಚಾನ್', ಮುಂದಿನ ನಿಲ್ದಾಣ ಎಂಬ ಚೌಕಟ್ಟು ಪ್ರತಿ ಸಲವೂ ಅದೇ, ಬದಲಾಗುವುದು ನಿಲ್ದಾಣದ ಹೆಸರೊಂದೇ. ಮಿದುಳು ಗೊತ್ತಿರುವ ಭಾಗವನ್ನು ದಾಟಿ ಗೊತ್ತಿಲ್ಲದ ಒಂದು ಪದದ ಮೇಲೆ ಪೂರ್ತಿ ಗಮನ ಇಡಬಹುದು.

ಟಿವಿ ಕಲಿಸದ್ದು

ಇಷ್ಟನ್ನೂ ಮನೆಯಲ್ಲಿ ಕೂತು ವಿಡಿಯೊ ನೋಡಿ ಕಲಿಯಬಾರದೇ? ಪ್ಯಾಟ್ರಿಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನೆಯಬೇಕಾದದ್ದು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಜೊತೆ ಮ್ಯಾಂಡರಿನ್ ಮಾತಾಡುವವರು 12 ಸಲ ಕೂತು ಆಟವಾಡಿದರು, ಪುಸ್ತಕ ಓದಿದರು. ಆಮೇಲೆ ಪರೀಕ್ಷಿಸಿದಾಗ ಆ ಕೂಸುಗಳು ನಮ್ಮ ಶ ಮತ್ತು ಛಗಳಿಗೆ ಹತ್ತಿರದ ಎರಡು ಮ್ಯಾಂಡರಿನ್ ಉಲಿಗಳ ಭೇದವನ್ನು ತೈವಾನಿನ ಕೂಸುಗಳಷ್ಟೇ ಚೆನ್ನಾಗಿ ಗುರುತಿಸಿದವು. ಅದೇ ಜನ, ಅದೇ ಮಾತುಗಳನ್ನು ಟಿವಿಯಲ್ಲಿ ತೋರಿಸಿದ ಇನ್ನೊಂದು ಗುಂಪಿನ ಕೂಸುಗಳು ಏನನ್ನೂ ಕಲಿತಿರಲಿಲ್ಲ.

ಕೂಸುಗಳ ಮಾತನ್ನು ದೊಡ್ಡವರಿಗೆ ಹಾಗೇ ಅನ್ವಯಿಸಲಾಗದು. ದೊಡ್ಡವರು ರೆಕಾರ್ಡಿಂಗ್ ಕೇಳಿಯೂ ಕಲಿಯಬಲ್ಲರು ಎಂದು ವಾಂಗ್ ಅವರ ಪ್ರಯೋಗವೇ ಹೇಳಿತು. ಆದರೂ ಎದುರಿಗಿರುವ ಮನುಷ್ಯ ಕೊಡುವುದನ್ನು ರೆಕಾರ್ಡಿಂಗ್ ಕೊಡಲಾರದು. ನೀವು ಹೇಳಿದ್ದು ಸರಿಯಿದ್ದರೆ ಸೌತೆಕಾಯಿ ತಕ್ಕಡಿಗೆ ಬೀಳುತ್ತದೆ, ತಪ್ಪಿದ್ದರೆ ಹುಬ್ಬು ಮೇಲೇರುತ್ತದೆ. ಜೊತೆಗೆ, ಓದಿದ್ದನ್ನು ಮತ್ತೆಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರಗೆಳೆದು ಬಳಸಿದಾಗ ಅದು ಹೆಚ್ಚು ಕಾಲ ಉಳಿಯುತ್ತದೆ ಎಂಬುದು ನೆನಪಿನ ಸಂಶೋಧನೆಯಲ್ಲಿ ಚೆನ್ನಾಗಿ ಗಟ್ಟಿಗೊಂಡ ಸಂಗತಿ. ದಿನಾ ತರಕಾರಿ ಕೊಳ್ಳುವವರು ದಿನಾ ಪರೀಕ್ಷೆ ಬರೆಯುತ್ತಿರುತ್ತಾರೆ.

ಇದೆಯಾ, ಇಲ್ಲವಾ

ವ್ಯಾಕರಣದ ಬಗ್ಗೆ ಹೆದರುವಂಥದ್ದು ಕಡಿಮೆ. ಕ್ರಿಯಾಪದಕ್ಕೆ ಲಿಂಗ, ವಚನ, ಪುರುಷದ ಪ್ರತ್ಯಯಗಳಿಲ್ಲ. ಕರ್ಮ ಮಾತ್ರ ಕ್ರಿಯಾಪದದ ಆಚೆಗೆ ಹೋಗುತ್ತದೆ: 'ನಾನು ಕೊಳ್ಳು ಪುಸ್ತಕ'. ಮಿಕ್ಕ ಹಲವು ಕಡೆ ನಮ್ಮದೇ ದಾರಿ. 'ನಾನು ನಿನ್ನೆ ಕೊಂಡ ಪುಸ್ತಕ' ಎಂಬುದನ್ನು ಪದಕ್ಕೆ ಪದ ಅದೇ ಕ್ರಮದಲ್ಲಿ 'ವೊ ತ್ಸ್ವೋಥ್ಯನ್ ಮಾಯ್ ತ ಷೂ' ಎನ್ನಬಹುದು. ಕಾಲ, ಸ್ಥಳಗಳು ಹೆಚ್ಚಾಗಿ ಕ್ರಿಯಾಪದಕ್ಕೆ ಮುಂಚೆ ಬರುತ್ತವೆ. ಹೌದು, ಇಲ್ಲ ಎಂದು ಎಲ್ಲಕ್ಕೂ ಹೊಂದುವ ಒಂದೇ ಉತ್ತರವಿಲ್ಲ, ಕೇಳಿದ ಕ್ರಿಯಾಪದವನ್ನೇ ಮರಳಿಸಬೇಕು. 'ಯೋವ್ ಮ?' ಎಂದರೆ ಇದೆಯಾ? ಉತ್ತರ 'ಯೋವ್', ಇದೆ. ಅಥವಾ 'ಮೇಯ್ ಯೋವ್', ಇಲ್ಲ. 'ಯೋವ್ ಮೇಯ್ ಯೋವ್?' ಎಂದರೆ ಇದೆಯೋ ಇಲ್ಲವೋ. ಅಂಗಡಿ, ಔಷಧಿ, ಕೋಣೆ, ಟಿಕೆಟ್ ಎಲ್ಲ ಕಡೆಯೂ ಈ ಒಂದು ಮಾತು ಸಾಕು.

ಎಣಿಸುವಾಗ ನಾವು 'ಮೂರು ಜನ ಹುಡುಗರು' ಎಂದು ನಡುವೆ ಜನ ಸೇರಿಸುವಂತೆ ಅವರು ಎಲ್ಲದಕ್ಕೂ ಒಂದು ಎಣಿಕೆಪದ ಸೇರಿಸುತ್ತಾರೆ. ಕಾಗದದಂತೆ ಚಪ್ಪಟೆಯಾದದ್ದಕ್ಕೆ ಒಂದು, ಮೀನಿನಂತೆ ಉದ್ದವಾದದ್ದಕ್ಕೆ ಇನ್ನೊಂದು, ಪುಸ್ತಕಕ್ಕೆ ಮತ್ತೊಂದು. ನೆನಪಾಗದಿದ್ದರೆ 'ಕ' ಎಂಬ ಸಾಮಾನ್ಯ ಎಣಿಕೆಪದ ಹೆಚ್ಚಿನ ಕಡೆ ಕೈಹಿಡಿಯುತ್ತದೆ.

ಅಕ್ಷರಗಳಲ್ಲೂ ಎಲ್ಲಕ್ಕೂ ಸಮಾನ ತೂಕವಿಲ್ಲ. ಸರ್ಕಾರದ 2013ರ ಪಟ್ಟಿಯಲ್ಲಿ 8,105 ಅಕ್ಷರಗಳಿದ್ದರೂ ಅತಿ ಹೆಚ್ಚು ಬಳಕೆಯ ಸಾವಿರ ಅಕ್ಷರಗಳೇ ಸಾಮಾನ್ಯ ಬರಹದ ಸುಮಾರು ಶೇ. 90 ಭಾಗವನ್ನು ತುಂಬುತ್ತವೆ. ಬೀದಿಯ ಬೋರ್ಡಿಗೆ ಅಷ್ಟೂ ಬೇಡ. ಖಾಲಿ ಚೌಕದಂತಿರುವ ಅಕ್ಷರ ಬಾಯಿ. ದ್ವಾರಗಳ ಮೇಲೆ ಅದೇ ಚೌಕದ ಹಿಂದೆ 'ಹೊರಗೆ' ಅಥವಾ 'ಒಳಗೆ' ಎಂಬ ಅಕ್ಷರ ಇರುತ್ತದೆ. ಬಾಗಿಲಿನ 'ತಳ್ಳಿ', 'ಎಳೆಯಿರಿ' ಎರಡರ ಎಡಭಾಗದಲ್ಲೂ ಕೈ ಎಂಬ ಒಂದೇ ಚಿಹ್ನೆ ಇದೆ. ಕೈಯಿಂದ ಮಾಡುವ ಕೆಲಸ ಎಂದು ಎಡಭಾಗ ಹೇಳಿದರೆ ಉಚ್ಚಾರದ ಸುಳಿವನ್ನು ಬಲಭಾಗ ಕೊಡುತ್ತದೆ. ಬಹುಪಾಲು ಚೀನೀ ಅಕ್ಷರಗಳ ಕಟ್ಟಡ ಹೀಗೆಯೇ.

ಎಲ್ಲಿ ನೋವು?

ಮಾರುಕಟ್ಟೆಯ ಮಿಗುತಿ ಎಲ್ಲ ಕಡೆ ಸಿಗುವುದಿಲ್ಲ. ಚೀನಾದಲ್ಲಿ ವೈದ್ಯಶಿಕ್ಷಣ ಪಡೆದ ಭಾರತೀಯರು ಸಾವಿರಾರು ಮಂದಿ. ತರಗತಿಯ ಪಾಠ ಇಂಗ್ಲಿಷಿನಲ್ಲಿ, ವಾರ್ಡಿನ ರೋಗಿ ಚೀನೀಯಲ್ಲಿ. 'ನಾರ್ ಥಂಗ್?' ಎಲ್ಲಿ ನೋವು ಎಂದು ಕೇಳಲು ಎರಡು ಉಲಿ ಸಾಕು. ಬರುವ ಉತ್ತರ ಮಾತ್ರ ಯಾವ ಚೌಕಟ್ಟಿಗೂ ಸಿಗುವುದಿಲ್ಲ. ಚೀನಾ ಸರ್ಕಾರದ ಲೆಕ್ಕದಂತೆ 2020ರಲ್ಲಿ ಮಾನಕ ಭಾಷೆ ಆಡಬಲ್ಲವರು ಶೇ. 80.72. ಉಳಿದವರಿಗೆ ತಮ್ಮ ಸೀಮೆಯ ಮಾತೇ ಗತಿ. ಶಾಂಘೈ ಸೀಮೆಯ ವೂ, ಗ್ವಾಂಗ್‌ಝೌ ಕಡೆಯ ಕ್ಯಾಂಟನೀಸ್ ಇವೆಲ್ಲ ಮ್ಯಾಂಡರಿನ್ ಬಲ್ಲ ಕಿವಿಗೂ ಅರ್ಥವಾಗದಷ್ಟು ದೂರದವು. ಅಲ್ಲಿ ಸ್ಥಳೀಯ ದಾದಿಯ ನೆರವಿಲ್ಲದೆ ಮುಂದುವರಿಯಬಾರದು.

ಹೀಗಾಗಿ ಚೀನಾಕ್ಕೆ ಹೊರಟವರು ಬೆಲೆ ಕೇಳುವುದಕ್ಕೂ ಮೊದಲು ಕಲಿಯಬೇಕಾದ ಎರಡು ಮಾತುಗಳಿವೆ. 'ಥಿಂಗ್ ಪು ಚ್ಯೆನ್' ಎಂದರೆ ಕೇಳಿಸಲಿಲ್ಲ, 'ಥಿಂಗ್ ಪು ತೋಂಗ್' ಎಂದರೆ ಕೇಳಿಸಿತು, ತಿಳಿಯಲಿಲ್ಲ. ಮೊದಲನೆಯದನ್ನು ಹೇಳಿದರೆ ಎದುರಿನವರು ದನಿ ಎತ್ತರಿಸಿ ಅದನ್ನೇ ಹೇಳುತ್ತಾರೆ. ಎರಡನೆಯದನ್ನು ಹೇಳಿದರೆ ನಿಧಾನಿಸುತ್ತಾರೆ, ಸುಲಭದ ಪದ ಹುಡುಕುತ್ತಾರೆ, ಬೆರಳು ಮಡಚಿ ತೋರಿಸುತ್ತಾರೆ. ಎಲ್ಲಿ ತೊಡಕಾಯಿತು ಎಂದು ಕಲಿಯುವವರೇ ಬಾಯಿಬಿಟ್ಟು ಹೇಳಿದಾಗ ಕಲಿಸುವ ಕೆಲಸವನ್ನು ಯಾರು ಬೇಕಾದರೂ ಮಾಡಬಲ್ಲರು. ಸೌತೆಕಾಯಿ ಮಾರುವವರೂ ಮಾಡುತ್ತಾರೆ, ಹಾಸಿಗೆ ಹಿಡಿದ ರೋಗಿಯೂ ಮಾಡುತ್ತಾರೆ.